ಓದಿ ತೋರಿಸು, ಕೇಳಿ ಹೇಳು: ಅಮೆರಿಕದ ದಕ್ಷಿಣದಲ್ಲಿ ಇಂಗ್ಲಿಷ್ ಪರೀಕ್ಷೆ

1895ರಲ್ಲಿ ದಕ್ಷಿಣ ಕೆರೊಲಿನಾ ರಾಜ್ಯ ಹೊಸ ಸಂವಿಧಾನ ಬರೆದುಕೊಂಡಿತು. ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಳ್ಳಲು ಬಂದ ಗಂಡಸು ಆ ಸಂವಿಧಾನದಲ್ಲಿ ನೋಂದಣಿ ಅಧಿಕಾರಿ ತೋರಿಸಿದ ಭಾಗವನ್ನು ಓದಬೇಕು. ಓದಲು ಬಾರದಿದ್ದರೆ ಅಧಿಕಾರಿ ಓದಿದ್ದನ್ನು ಕೇಳಿ, ತಿಳಿದುಕೊಂಡು, ವಿವರಿಸಬೇಕು. ಕೇಳಿ ವಿವರಿಸುವ ಈ ಅನುಕೂಲ 1898ರ ಜನವರಿ 1ರವರೆಗೆ ಮಾತ್ರ. ಆಮೇಲೆ ಬಂದವನಿಗೆ ಓದು ಬರಹ ಎರಡೂ ಬರಬೇಕು, ಇಲ್ಲವೇ ಅವನ ಹೆಸರಿನಲ್ಲಿ 300 ಡಾಲರ್ ಬೆಲೆಯ ಆಸ್ತಿ ಇರಬೇಕು. ಇಂದು ಶಾಲೆಗಳಲ್ಲಿ ನಡೆಯುವ ಇಂಗ್ಲಿಷ್ ಪರೀಕ್ಷೆಗಳ ಎರಡು ಮುಖ್ಯ ಭಾಗಗಳು, ಓದಿ ಅರ್ಥಮಾಡಿಕೊಳ್ಳುವುದು ಮತ್ತು ಕೇಳಿ ಅರ್ಥಮಾಡಿಕೊಳ್ಳುವುದು, ಇಲ್ಲಿ ಕಾನೂನಿನ ಮಾತಾಗಿ ಕೂತಿದ್ದವು. ಚೀನಾದ ಹುಡುಗರು ಕಾಲೇಜು ಪ್ರವೇಶದ ಗಾವ್‌ಕಾವ್ ಪರೀಕ್ಷೆಯಲ್ಲಿ, ಬೆಂಗಳೂರಿನ ಪದವೀಧರರು ಅಮೆರಿಕದ ವಿಶ್ವವಿದ್ಯಾಲಯ ಸೇರಲು ಬರೆಯುವ ಟೋಫೆಲ್‌ನಲ್ಲಿ ಇವೆರಡನ್ನೂ ಎದುರಿಸುತ್ತಾರೆ. ಆದರೆ ಈ ಪರೀಕ್ಷೆಗಳ ಒಳ್ಳೆಯದು ಕೆಟ್ಟದ್ದನ್ನು ತೂಗಿ ನೋಡಬೇಕೆಂದರೆ ಶಾಲೆಯ ಕೊಠಡಿಗಿಂತ ಕೆರೊಲಿನಾ, ಜಾರ್ಜಿಯಾಗಳ ನೋಂದಣಿ ಕಚೇರಿಗಳ ಚರಿತ್ರೆಯೇ ಹೆಚ್ಚು ಕಲಿಸುತ್ತದೆ. ಭಾಷೆಯ ಪರೀಕ್ಷೆ ನ್ಯಾಯವಾದದ್ದೋ ಅಲ್ಲವೋ ಎಂಬುದು ಪ್ರಶ್ನೆ ಸುಲಭವೋ ಕಷ್ಟವೋ ಎಂಬುದರಿಂದ ತೀರ್ಮಾನವಾಗುವುದಿಲ್ಲ. ಪ್ರಶ್ನೆ ಕೇಳುವವನಿಗೆ ನಿಯಮವಿದೆಯೇ, ಉತ್ತರ ಕೊಡಬೇಕಾದವನಿಗೆ ಮೊದಲು ಯಾರಾದರೂ ಕಲಿಸಿದ್ದಾರೆಯೇ ಎಂಬ ಎರಡು ಸಂಗತಿಗಳಿಂದ ತೀರ್ಮಾನವಾಗುತ್ತದೆ ಎಂಬುದು ನನ್ನ ವಾದ.

ಮೊದಲು ಅಂದಿನ ಸನ್ನಿವೇಶ. ಅಂತರ್ಯುದ್ಧದ ನಂತರ ಕಪ್ಪು ಗಂಡಸರಿಗೆ ಮತದ ಹಕ್ಕು ಬಂದಿತ್ತು. ಜನಾಂಗದ ಕಾರಣಕ್ಕೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂದು 1870ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ತಿದ್ದುಪಡಿ ಹೇಳಿತ್ತು. ಹಾಗಾಗಿ ಜನಾಂಗದ ಹೆಸರೆತ್ತದೆ ಅದೇ ಕೆಲಸ ಮಾಡುವ ಉಪಾಯ ಬೇಕಾಯಿತು. ದಕ್ಷಿಣ ಕೆರೊಲಿನಾ 1882ರಲ್ಲೇ ಒಂದನ್ನು ಹುಡುಕಿತ್ತು. ಪ್ರತಿ ಹುದ್ದೆಗೆ ಒಂದರಂತೆ ಎಂಟು ಮತಪೆಟ್ಟಿಗೆ ಇಟ್ಟು, ಮೇಲೆ ಹುದ್ದೆಯ ಹೆಸರು ಬರೆದು, ತಪ್ಪು ಪೆಟ್ಟಿಗೆಗೆ ಬಿದ್ದ ಚೀಟಿಯನ್ನು ಎಣಿಸದೆ ಬಿಡುವ ಕಾನೂನು ಅದು. ಓದು ಬಾರದವನು ಪೆಟ್ಟಿಗೆಗಳ ಸಾಲನ್ನು ನೆನಪಿಟ್ಟುಕೊಂಡು ಬಂದರೂ ಅವುಗಳ ಜಾಗ ಬದಲಿಸಿದರೆ ಮುಗಿಯಿತು. 1895ರಲ್ಲಿ ಹೊಸ ಸಂವಿಧಾನ ಬರೆದ ಸಮಾವೇಶದ ಹಿಂದಿನ ಶಕ್ತಿ ರಾಜ್ಯದ ಮಾಜಿ ಗವರ್ನರ್ ಬೆಂಜಮಿನ್ ಟಿಲ್ಮನ್. ಕಪ್ಪು ಮತದಾರರನ್ನು ಹೊರಗಿಡುವುದೇ ತನ್ನ ಉದ್ದೇಶವೆಂಬುದನ್ನು ಆತ ಎಂದೂ ಮುಚ್ಚಿಟ್ಟವನಲ್ಲ. ಆ ಸಭೆಯಲ್ಲಿದ್ದ ಕಪ್ಪು ಪ್ರತಿನಿಧಿಗಳು ಆರೇ ಮಂದಿ. ಅವರಲ್ಲಿ ಒಬ್ಬ ರಾಬರ್ಟ್ ಸ್ಮಾಲ್ಸ್. ಗುಲಾಮನಾಗಿ ಹುಟ್ಟಿ, 1862ರಲ್ಲಿ ಚಾರ್ಲ್ಸ್‌ಟನ್ ಬಂದರಿನಿಂದ ದಕ್ಷಿಣದವರ ಹಡಗನ್ನೇ ನಡೆಸಿಕೊಂಡು ಹೋಗಿ ಉತ್ತರದ ನೌಕಾಪಡೆಗೆ ಒಪ್ಪಿಸಿ, ಮುಂದೆ ವಾಷಿಂಗ್ಟನ್‌ನ ಸಂಸತ್ತಿಗೆ ಆಯ್ಕೆಯಾದವನು. ಅಂಥವನ ವಿರೋಧವೂ ನಡೆಯಲಿಲ್ಲ. ಓದಲು ಬಾರದವರಿಗೆ ಕೇಳಿ ವಿವರಿಸುವ ಅವಕಾಶ ಕೊಟ್ಟದ್ದು ಕರುಣೆಯಂತೆ ಕಾಣುತ್ತದೆ. ಅದು ಓದು ಬಾರದ ಬಿಳಿಯರನ್ನು ಒಳಗೆ ಬಿಟ್ಟುಕೊಳ್ಳಲು ತೆರೆದಿಟ್ಟ ಬಾಗಿಲು. ವಿವರಣೆ ಸರಿಯೇ ತಪ್ಪೇ ಎಂದು ಹೇಳುವವನು ಅಧಿಕಾರಿಯೊಬ್ಬನೇ ಆದಾಗ, ಯಾರ ಕಿವಿಗೆ ಅರ್ಥವಾಗುತ್ತದೆ ಎಂಬುದೂ ಅವನ ಕೈಯಲ್ಲೇ ಉಳಿಯಿತು.

ನೆರೆಯ ರಾಜ್ಯಗಳು ಇದೇ ದಾರಿ ಹಿಡಿದವು. ಉತ್ತರ ಕೆರೊಲಿನಾ 1900ರ ತಿದ್ದುಪಡಿಯಲ್ಲಿ, ಸಂವಿಧಾನದ ಯಾವುದೇ ಭಾಗವನ್ನು ಇಂಗ್ಲಿಷ್ ಭಾಷೆಯಲ್ಲಿ ಓದಿ ಬರೆಯಬಲ್ಲವನೇ ಮತದಾರ ಎಂದಿತು. 1867ಕ್ಕೆ ಮೊದಲು ಮತದ ಹಕ್ಕಿದ್ದವನಿಗೂ ಅವನ ಮಕ್ಕಳು ಮೊಮ್ಮಕ್ಕಳಿಗೂ 1908ರವರೆಗೆ ಇದರಿಂದ ವಿನಾಯಿತಿ. ಅಜ್ಜ ಗುಲಾಮನಾಗಿದ್ದವನಿಗೆ ಆ ವಿನಾಯಿತಿ ಸಿಗುವಂತೆಯೇ ಇರಲಿಲ್ಲ. ಜಾರ್ಜಿಯಾ 1908ರಲ್ಲಿ, ಹೋಕ್ ಸ್ಮಿತ್ ಗವರ್ನರ್ ಆಗಿದ್ದಾಗ, ಓದು ಬರಹದ ಜೊತೆಗೆ ಒಳ್ಳೆಯ ನಡತೆ, ಭೂಮಿ, ಸೈನಿಕರ ವಂಶ ಎಂಬ ಬೇರೆ ಬೇರೆ ಬಾಗಿಲುಗಳನ್ನು ಇಟ್ಟಿತು. ಅರ್ಧ ಶತಮಾನದ ಮೇಲೆ, 1958ರಲ್ಲಿ, ಅಟ್ಲಾಂಟಾದಲ್ಲಿದ್ದ ರಾಜ್ಯದ ಶಾಸನಸಭೆ ಓದು ಬಾರದವರಿಗಾಗಿ ಇದ್ದ 30 ಪ್ರಶ್ನೆಗಳ ಪರೀಕ್ಷೆಯನ್ನು ಇನ್ನಷ್ಟು ಬಿಗಿ ಮಾಡಿ, 20ಕ್ಕೆ ಸರಿಯುತ್ತರ ಬೇಕೆಂದಿತು.

ಕಾಗದದ ಮೇಲಿದ್ದ ನಿಯಮ ಕಚೇರಿಯ ಮೇಜಿನ ಮೇಲೆ ಏನಾಗುತ್ತಿತ್ತು ಎಂಬುದಕ್ಕೆ ಎರಡು ಪ್ರಕರಣ ಸಾಕು. ಜಾರ್ಜಿಯಾದ ಟೆರೆಲ್ ಕೌಂಟಿಯಲ್ಲಿ ಕಾಲೇಜು ಪದವಿಯಿದ್ದ ಕಪ್ಪು ಶಿಕ್ಷಕರು ಓದಿನ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ‘ಎಕ್ವಿಟಿ’ ಎಂಬ ಪದವನ್ನು ‘ಈಕ್ವಿಟಿ’ ಎಂದು ಎಳೆದರು ಎಂಬುದು ಕೊಟ್ಟ ಕಾರಣಗಳಲ್ಲೊಂದು. ದಿನವೂ ತರಗತಿಯಲ್ಲಿ ನಿಂತು ಮಕ್ಕಳಿಗೆ ಪಾಠ ಓದಿ ಹೇಳುತ್ತಿದ್ದವರಿಗೆ ಓದಲು ಬಾರದು ಎಂಬ ತೀರ್ಪು! 1957ರ ನಾಗರಿಕ ಹಕ್ಕು ಕಾಯ್ದೆಯಡಿ ಕೇಂದ್ರ ಸರ್ಕಾರ ಹೂಡಿದ ಮೊದಲ ಮೊಕದ್ದಮೆ ಇದೇ ಕೌಂಟಿಯ ನೋಂದಣಿ ಅಧಿಕಾರಿಗಳ ಮೇಲೆ. ಬಿಳಿಯರಿಗೊಂದು, ಕಪ್ಪು ಜನರಿಗೊಂದು ಬಗೆಯ ಪರೀಕ್ಷೆ ನಡೆಯುತ್ತಿದ್ದುದನ್ನು ನ್ಯಾಯಾಲಯ ಗುರುತಿಸಿತು. ಇನ್ನೊಂದು ಪ್ರಕರಣ ಉತ್ತರ ಕೆರೊಲಿನಾದ ಬರ್ಟಿ ಕೌಂಟಿಯದು. ಅಲ್ಲಿ ಅಧಿಕಾರಿ ಸಂವಿಧಾನದ ಸಾಲುಗಳನ್ನು ಬಾಯಲ್ಲಿ ಹೇಳಿ ಬರೆಸಿದರು. ಬೇಜ್‌ಮೋರ್ ಎಂಬ ಮಹಿಳೆ ಬರೆದರು. ಕಾಗುಣಿತ ತಪ್ಪಿತೆಂದು ಅವರ ಅರ್ಜಿ ತಿರಸ್ಕೃತವಾಯಿತು. 1961ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಕಾನೂನು ಕೇಳುವುದು ಓದು ಬರಹವನ್ನು, ಉಕ್ತಲೇಖನವನ್ನಲ್ಲ ಎಂದು ಆ ಪದ್ಧತಿಯನ್ನು ತಳ್ಳಿಹಾಕಿತು. ನಮ್ಮ ಶಾಲೆಗಳಲ್ಲಿ ಉಕ್ತಲೇಖನ ಬರೆದವರಿಗೆ ಗೊತ್ತು, ಹೇಳುವವನು ವೇಗ ಹೆಚ್ಚಿಸಿದರೆ, ಪದ ನುಂಗಿದರೆ, ಜಾಣನೂ ತಪ್ಪುತ್ತಾನೆ. ಕೇಳುವ ಪರೀಕ್ಷೆಯಲ್ಲಿ ಹೇಳುವವನ ನಾಲಿಗೆಯೂ ಪ್ರಶ್ನೆಪತ್ರಿಕೆಯ ಭಾಗ.

ಇಷ್ಟಿದ್ದೂ 1959ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಓದು ಬರಹದ ಪರೀಕ್ಷೆಯನ್ನು ಎತ್ತಿಹಿಡಿದಿತ್ತು. ಉತ್ತರ ಕೆರೊಲಿನಾದ ನಾರ್ತಾಂಪ್ಟನ್ ಕೌಂಟಿಯ ಲೂಯಿಸ್ ಲಾಸಿಟರ್ ಎಂಬಾಕೆ ಪರೀಕ್ಷೆಗೆ ಕೂರಲು ಒಪ್ಪದೆ ಹೂಡಿದ ಮೊಕದ್ದಮೆಯಲ್ಲಿ, ನ್ಯಾಯಮೂರ್ತಿ ಡಗ್ಲಸ್ ಬರೆದ ಒಮ್ಮತದ ತೀರ್ಪು ಇದು: ಎಲ್ಲರಿಗೂ ಒಂದೇ ರೀತಿ ಅನ್ವಯಿಸಿದರೆ ಇಂಥ ಪರೀಕ್ಷೆಗೆ ಜನಾಂಗದ ಸೋಂಕಿಲ್ಲ. ಮೇಲ್ನೋಟಕ್ಕೆ ಇದು ಬಲವಾದ ವಾದ. ಅಧಿಕಾರಿಯ ಮರ್ಜಿಯೇ ರೋಗವಾಗಿದ್ದರೆ ಏಕರೂಪತೆಯೇ ಮದ್ದಾಗಬೇಕಲ್ಲ? ಈ ವಾದ ಎಲ್ಲಿಯವರೆಗೆ ನಿಲ್ಲುತ್ತದೆಂದು ನೋಡಲು ವಾಷಿಂಗ್ಟನ್‌ಗೆ ಬರಬೇಕು.

1961ರ ಮೇ 11 ಮತ್ತು 12ರಂದು ವಾಷಿಂಗ್ಟನ್‌ನಲ್ಲಿ ಒಂದು ಸಮ್ಮೇಳನ ನಡೆಯಿತು. ವಿಷಯ, ವಿದೇಶಿ ವಿದ್ಯಾರ್ಥಿಗಳ ಇಂಗ್ಲಿಷ್ ಸಾಮರ್ಥ್ಯವನ್ನು ಅಳೆಯುವುದು ಹೇಗೆ ಎಂಬುದು. ಕರೆದವರಲ್ಲಿ ಮುಖ್ಯವಾದದ್ದು ಅಲ್ಲಿನ ಸೆಂಟರ್ ಫಾರ್ ಅಪ್ಲೈಡ್ ಲಿಂಗ್ವಿಸ್ಟಿಕ್ಸ್. ಆ ಹೊತ್ತಿಗೆ ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ಅಳತೆ. ಮನಶ್ಶಾಸ್ತ್ರಜ್ಞ ಜಾನ್ ಕ್ಯಾರಲ್ ಅಲ್ಲಿ ಮಂಡಿಸಿದ ಪ್ರಬಂಧ, ವ್ಯಾಕರಣದ ಬಿಡಿ ಬಿಡಿ ಅಂಶಗಳನ್ನು ಕೆದಕುವುದರ ಜೊತೆಗೆ ಮಾತಿನ ಒಟ್ಟು ಅರ್ಥ ಕೇಳುಗನಿಗೆ ತಲುಪಿತೇ ಎಂಬುದನ್ನೂ ಅಳೆಯಬೇಕೆಂದು ವಾದಿಸಿತು. ಎಲ್ಲರಿಗೂ ಒಂದೇ ಪರೀಕ್ಷೆ ರೂಪಿಸಲು ಮರುವರ್ಷ ಒಂದು ರಾಷ್ಟ್ರೀಯ ಮಂಡಳಿ ರಚನೆಯಾಯಿತು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಡೇವಿಡ್ ಹ್ಯಾರಿಸ್ ಅದರ ಕೆಲಸದ ಹೊಣೆ ಹೊತ್ತರು. 1964ರಲ್ಲಿ 920 ಮಂದಿ ಮೊದಲ ಟೋಫೆಲ್ ಬರೆದರು. ಆಲಿಕೆ, ವಾಕ್ಯರಚನೆ, ಪದಸಂಪತ್ತು, ಓದು, ಬರವಣಿಗೆ ಎಂಬ ಐದು ಭಾಗ. ಎಲ್ಲವೂ ಆಯ್ಕೆಯ ಪ್ರಶ್ನೆಗಳು. ನೋಂದಣಿ ಕಚೇರಿಯಲ್ಲಿ ಇಲ್ಲದ್ದು ಇಲ್ಲಿತ್ತು. ಪ್ರಶ್ನೆ ಎಲ್ಲರಿಗೂ ಒಂದೇ, ಉತ್ತರದ ಕೀಲಿ ಮೊದಲೇ ಸಿದ್ಧ, ಅಂಕ ಹಾಕುವವನಿಗೆ ಬರೆದವನ ಮುಖ ಕಾಣದು. ಉಚ್ಚಾರಣೆಯ ನೆಪ ಹೇಳಿ ಯಾರನ್ನೂ ಎಬ್ಬಿಸಿ ಕಳಿಸುವಂತಿಲ್ಲ.

ಆ ಸಮ್ಮೇಳನದ ತಾರೀಖನ್ನು ಇನ್ನೊಂದು ಸಂಗತಿಯ ಪಕ್ಕದಲ್ಲಿಟ್ಟು ನೋಡಬೇಕು. ಮೇ 4ರಂದು ಅದೇ ವಾಷಿಂಗ್ಟನ್‌ನಿಂದ, ಬಸ್ಸು ಪ್ರಯಾಣದಲ್ಲಿನ ಜನಾಂಗಭೇದವನ್ನು ಪ್ರತಿಭಟಿಸಲು, ಫ್ರೀಡಂ ರೈಡರ್‌ಗಳೆಂಬ ಹೋರಾಟಗಾರರ ಬಸ್ಸುಗಳು ಹೊರಟಿದ್ದವು. 9ರಂದು ದಕ್ಷಿಣ ಕೆರೊಲಿನಾದ ರಾಕ್ ಹಿಲ್ ನಿಲ್ದಾಣದಲ್ಲಿ ಅವರಲ್ಲೊಬ್ಬರಾದ ಜಾನ್ ಲೂಯಿಸ್ ಪೆಟ್ಟು ತಿಂದರು. 13ರಂದು ತಂಡ ಅಟ್ಲಾಂಟಾ ತಲುಪಿತು. ಹೊರದೇಶದವನ ಇಂಗ್ಲಿಷನ್ನು ನ್ಯಾಯವಾಗಿ ಅಳೆಯುವ ಬಗೆಯನ್ನು ವಿದ್ವಾಂಸರು ಚರ್ಚಿಸುತ್ತಿದ್ದ ದಿನಗಳಲ್ಲೇ ಸ್ವಂತ ನಾಡಿನ ಪ್ರಜೆಯ ಇಂಗ್ಲಿಷನ್ನು ಅನ್ಯಾಯವಾಗಿ ಅಳೆಯುವ ಕಚೇರಿಗಳು ಆ ಬಸ್ಸು ಹಾದುಹೋದ ಊರುಗಳಲ್ಲಿ ತೆರೆದಿದ್ದವು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು, ಮತ ಹುಟ್ಟಿನಿಂದ ಬಂದ ಹಕ್ಕು, ವಿಶ್ವವಿದ್ಯಾಲಯದ ಸೀಟು ಗಳಿಸಬೇಕಾದದ್ದು ಎಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪುವ ಮಾತೇ. ಇಂಗ್ಲಿಷಿನಲ್ಲಿ ಉಪನ್ಯಾಸ ಕೇಳಬೇಕಾದವನ ಇಂಗ್ಲಿಷ್ ಆಲಿಕೆಯನ್ನು ಪರೀಕ್ಷಿಸಲು ಕಾರಣವಿದೆ. ಮತ ಹಾಕಲು ಅಂಥ ಕಾರಣವಿಲ್ಲ. ಭಾರತವೇ ಇದಕ್ಕೆ ಸಾಕ್ಷಿ. 1951ರ ಜನಗಣತಿಯಂತೆ ನಮ್ಮ ಸಾಕ್ಷರತೆ ನೂರಕ್ಕೆ 18ರಷ್ಟಿತ್ತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಟ್ಟರು. ಓದು ಬಾರದವನು ಜೋಡೆತ್ತನ್ನೋ ಗುಡಿಸಲನ್ನೋ ನೋಡಿ ಚೀಟಿ ಹಾಕಿ ಬಂದ. ದಕ್ಷಿಣ ಕೆರೊಲಿನಾದ ಎಂಟು ಪೆಟ್ಟಿಗೆಗಳೂ ಭಾರತದ ಈ ಪೆಟ್ಟಿಗೆಗಳೂ ಮೂಲದಲ್ಲಿ ಒಂದೇ ಸಾಧನ; ಒಂದು ನಿರಕ್ಷರಿಯನ್ನು ಹೊರಗಿಟ್ಟಿತು, ಇನ್ನೊಂದು ಒಳಗೆ ಕರೆಯಿತು. ಆದರೆ ಉದ್ದೇಶದ ಈ ವ್ಯತ್ಯಾಸವನ್ನು ಒಪ್ಪಿದ ಮೇಲೂ ನನ್ನ ಎರಡನೆಯ ಪ್ರಶ್ನೆ ಹಾಗೇ ಉಳಿಯುತ್ತದೆ: ಪರೀಕ್ಷೆಗೆ ಬಂದವನಿಗೆ ಕಲಿಸಿದವರು ಯಾರು?

ಆ ಪ್ರಶ್ನೆಗೆ ಉತ್ತರ ಕೊಟ್ಟವರು ಚಾರ್ಲ್ಸ್‌ಟನ್‌ಗೆ ಹತ್ತಿರದ ಜಾನ್ಸ್ ದ್ವೀಪದ ಜನ. ಅಲ್ಲಿನವರ ಮನೆಮಾತು ಗಲ್ಲಾ. ಆಫ್ರಿಕದ ನುಡಿಗಳ ಜಾಡು ಉಳಿಸಿಕೊಂಡ, ಇಂಗ್ಲಿಷಿನಿಂದ ಬೆಳೆದರೂ ಪುಸ್ತಕದ ಇಂಗ್ಲಿಷಿಗೆ ದೂರವಾದ ಮಾತು. ದ್ವೀಪದಿಂದ ಪಟ್ಟಣಕ್ಕೆ ಬಸ್ಸು ಓಡಿಸುತ್ತಿದ್ದ ಈಸಾ ಜೆಂಕಿನ್ಸ್, ಪ್ರಯಾಣಿಕರಿಗೆ ದಾರಿಯುದ್ದಕ್ಕೂ ಸಂವಿಧಾನದ ಭಾಗಗಳನ್ನು ಹೇಳಿಕೊಡುತ್ತಿದ್ದರು. ಬಾಯಿಪಾಠದಿಂದ ಒಬ್ಬಿಬ್ಬರು ದಾಟಬಹುದು, ಊರೇ ದಾಟಲಾರದು. 1957ರ ಜನವರಿಯಲ್ಲಿ ದ್ವೀಪದಲ್ಲಿ ರಾತ್ರಿಶಾಲೆ ತೆರೆಯಿತು. ಎದುರಿಗೆ ಕಿರಾಣಿ ಅಂಗಡಿ, ಹಿಂದಿನ ಕೋಣೆಗಳಲ್ಲಿ ತರಗತಿ. ಬಿಳಿಯರ ಕಣ್ಣಿಗೆ ಅಂಗಡಿಯಷ್ಟೇ ಕಾಣಬೇಕು. ನಾಗರಿಕ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯ ಸದಸ್ಯತ್ವ ಬಿಡಲಿಲ್ಲವೆಂದು 1956ರಲ್ಲಿ ಶಿಕ್ಷಕಿಯ ಕೆಲಸ ಕಳೆದುಕೊಂಡಿದ್ದ ಸೆಪ್ಟಿಮಾ ಕ್ಲಾರ್ಕ್ ಇದರ ಹಿಂದಿದ್ದರು. ಮೊದಲ ಬೋಧಕಿ ಬರ್ನೀಸ್ ರಾಬಿನ್ಸನ್ ಕೇಶಾಲಂಕಾರದ ವೃತ್ತಿಯವರು, ತರಬೇತಿ ಪಡೆದ ಶಿಕ್ಷಕಿಯಲ್ಲ. ಬೇಕೆಂದೇ ಹಾಗೆ ಆರಿಸಿದ್ದು. ಹೆಸರು ಬರೆಯುವುದು, ಮನಿಆರ್ಡರ್ ಫಾರಂ ತುಂಬುವುದು, ಅಂಗಡಿಯ ಬೆಲೆಪಟ್ಟಿ ನೋಡಿ ಸಾಮಾನು ತರಿಸುವುದು ಮೊದಲು. ಅಧಿಕಾರಿ ಕೇಳುವ ಸಂವಿಧಾನದ ಭಾಗ ಆಮೇಲೆ. 1961ರಲ್ಲಿ ಈ ಯೋಜನೆ ಅಟ್ಲಾಂಟಾದಲ್ಲಿ ಕೇಂದ್ರವಿದ್ದ, ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಸ್ಥೆಯ ಕೈಗೆ ಬಂತು. ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರದಲ್ಲಿ ತರಬೇತಿ ಪಡೆದವರು ದಕ್ಷಿಣದ ಊರೂರಿಗೆ ಹೋಗಿ ಶಾಲೆ ನಡೆಸಿದರು. ಪರೀಕ್ಷೆ ನಡೆಸುವ ಸರ್ಕಾರ ಮಾಡಬೇಕಿದ್ದ ಕೆಲಸವನ್ನು ಪರೀಕ್ಷೆಗೆ ಗುರಿಯಾದವರೇ ಮಾಡಿಕೊಂಡರು.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ. ಪರೀಕ್ಷೆಯ ಭಯವೇ ಜನರನ್ನು ಓದಿಸಿತಲ್ಲವೇ? ಉತ್ತರ ಕೆರೊಲಿನಾದ ಗವರ್ನರ್ ಚಾರ್ಲ್ಸ್ ಏಕಾಕ್ 1900ರ ತಿದ್ದುಪಡಿಯ ಪರ ಪ್ರಚಾರ ಮಾಡಿಯೂ ಶಾಲೆ ಕಟ್ಟಿಸಿದವನೆಂದು ಹೆಸರಾದವನು. ಶಾಲೆಗಳಾದದ್ದು ನಿಜ, ಅವು ಬಿಳಿಯರಿಗೆ ಬೇರೆ, ಕಪ್ಪು ಮಕ್ಕಳಿಗೆ ಬೇರೆ ಆಗಿದ್ದುದೂ, ಹಣ ಸಮನಾಗಿ ಹಂಚಿಕೆಯಾಗದ್ದೂ ಅಷ್ಟೇ ನಿಜ. 1965ರ ಮತಹಕ್ಕು ಕಾಯ್ದೆ ದಕ್ಷಿಣ ಕೆರೊಲಿನಾ, ಜಾರ್ಜಿಯಾಗಳಲ್ಲೂ ಉತ್ತರ ಕೆರೊಲಿನಾದ ಸುಮಾರು 40 ಕೌಂಟಿಗಳಲ್ಲೂ ಪರೀಕ್ಷೆಗೆ ತಡೆ ಹಾಕಿತು. ಷಾರ್ಲಟ್ ನಗರದ ಪಕ್ಕದ ಗ್ಯಾಸ್ಟನ್ ಕೌಂಟಿ, ತಾನು ಪಕ್ಷಪಾತವಿಲ್ಲದೆ ನಡೆಸುತ್ತೇನೆ, ಪರೀಕ್ಷೆಯನ್ನು ಮರಳಿ ಕೊಡಿ ಎಂದು ಕೇಳಿತು. 1969ರಲ್ಲಿ ಸುಪ್ರೀಂ ಕೋರ್ಟು ಕೊಡಲಿಲ್ಲ. ದಶಕಗಳ ಕಾಲ ಕಪ್ಪು ಮಕ್ಕಳಿಗೆ ಕೀಳು ಶಾಲೆ ಕೊಟ್ಟ ಕೌಂಟಿ ಈಗ ಎಷ್ಟೇ ಸಮನಾಗಿ ಪರೀಕ್ಷಿಸಿದರೂ ಆ ಹಳೆಯ ಅನ್ಯಾಯವನ್ನೇ ಮುಂದುವರಿಸಿದಂತೆ ಎಂಬುದು ತೀರ್ಪಿನ ತಿರುಳು. ಲಾಸಿಟರ್ ಪ್ರಕರಣದ ಏಕರೂಪತೆಯ ವಾದಕ್ಕೆ ಹತ್ತು ವರ್ಷದಲ್ಲಿ ಅದೇ ನ್ಯಾಯಾಲಯ ಹಾಕಿದ ಎಲ್ಲೆ ಇದು. 1970ರಲ್ಲಿ ತಡೆ ದೇಶಕ್ಕೆಲ್ಲ ವ್ಯಾಪಿಸಿತು, 1975ರಲ್ಲಿ ಶಾಶ್ವತವಾಯಿತು. ಆದರೂ ಓದು ಬರಹದ ಆ ಸಾಲನ್ನು ರಾಜ್ಯ ಸಂವಿಧಾನದಿಂದ ತೆಗೆಯೋಣವೇ ಎಂದು 1970ರಲ್ಲಿ ಕೇಳಿದಾಗ ಉತ್ತರ ಕೆರೊಲಿನಾದ ಮತದಾರರು ಬೇಡವೆಂದರು. 1971ರ ಸಂವಿಧಾನದಲ್ಲೂ ಅದು ಉಳಿಯಿತು.

ಗ್ಯಾಸ್ಟನ್ ತೀರ್ಪಿನ ತರ್ಕವನ್ನು ಶಾಲಾ ಪರೀಕ್ಷೆಗಳಿಗೆ ಹಚ್ಚಿದರೆ ಎಲ್ಲ ಪರೀಕ್ಷೆಯನ್ನೂ ರದ್ದು ಮಾಡಬೇಕಾದೀತು ಎಂದು ಅಂಜಬೇಕಿಲ್ಲ. ತೀರ್ಪು ಹೇಳುವುದು ಹೊಣೆಯ ಮಾತು. ಟೋಫೆಲ್ ಮುಖ ನೋಡದೆ ಅಂಕ ಕೊಡುತ್ತದೆ, ಅದು ದೊಡ್ಡ ಮುನ್ನಡೆ. ಆದರೆ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಹುಡುಗಿಯನ್ನೂ ಹಳ್ಳಿಯ ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಧ್ವನಿಯನ್ನೇ ಸರಿಯಾಗಿ ಕೇಳದ ಹುಡುಗಿಯನ್ನೂ ಒಂದೇ ಅಳತೆಯಲ್ಲಿ ನಿಲ್ಲಿಸುವಾಗ ಅದು ಅವರ ಜಾಣತನದ ಜೊತೆಗೆ ಅವರ ಶಾಲೆಗಳ ಅಂತರವನ್ನೂ ಅಳೆಯುತ್ತದೆ. ಇಂಥ ಪರೀಕ್ಷೆಗಳನ್ನು ದಾಟಿ ಹೋದವರ ಮನೆಮಂದಿ ಇಂದು ವಾಷಿಂಗ್ಟನ್ನಿನ ಕಾವೇರಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟಗಳಲ್ಲಿ ಸೇರುತ್ತಾರೆ. ದಾಟಿದವರ ಗೆಲುವು ನಿಜವಾದದ್ದೇ. ಅದನ್ನು ದಾಟದವರ ಅಯೋಗ್ಯತೆಗೆ ಪುರಾವೆಯೆಂದು ಓದಬಾರದು. ಕರ್ನಾಟಕದಲ್ಲಾಗಲಿ ಚೀನಾದಲ್ಲಾಗಲಿ ಇಂಗ್ಲಿಷ್ ಆಲಿಕೆಯ ಪರೀಕ್ಷೆಯನ್ನು ಕಡ್ಡಾಯ ಮಾಡಹೊರಟ ಯಾವ ಸರ್ಕಾರವೂ ಮೊದಲು ಉತ್ತರಿಸಬೇಕಾದ ಪ್ರಶ್ನೆ, ಆ ಭಾಷೆಯನ್ನು ಬಾಯಿತುಂಬ ಮಾತಾಡಬಲ್ಲ ಶಿಕ್ಷಕರನ್ನು ಎಷ್ಟು ಹಳ್ಳಿಗಳಿಗೆ ಕಳಿಸಿದ್ದೀರಿ ಎಂಬುದು. ಕಲಿಸುವ ಹೊಣೆ ಹೊರದವರಿಗೆ ಪರೀಕ್ಷಿಸುವ ಹಕ್ಕಿಲ್ಲ.