ನೆಲ ನಿಜವಾಗಿಯೂ ಡೊಂಕೇ? – ಪ್ರೊಸೆಸರ್ ಪರೀಕ್ಷೆಗಳ ಕಥೆ

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಪ್ರೊಸೆಸರ್‌ಗಳ ಪರೀಕ್ಷೆಯಲ್ಲಿ ಸೋತ ಕಂಪನಿಯೂ ಸಾಮಾನ್ಯವಾಗಿ ಪರೀಕ್ಷೆಯನ್ನೇ ದೂರುತ್ತದೆ. ಆದರೆ ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿತ್ತು ಎಂಬುದನ್ನು ಗಣಕಗಳ ಇತಿಹಾಸ ತಿಳಿಸುತ್ತದೆ.

1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ‘ವೆಟ್‌ಸ್ಟೋನ್’ ಎಂಬ ಪರೀಕ್ಷಾ ಪ್ರೋಗ್ರಾಮ್ ರೂಪುಗೊಂಡಿತು. (ನಮ್ಮ ಪ್ರಯೋಗಶಾಲೆಯ ವೀಟ್‌ಸ್ಟೋನ್ ಸೇತುವೆಗೂ ಇದಕ್ಕೂ ಸಂಬಂಧವಿಲ್ಲ, ಇದು ಇಂಗ್ಲೆಂಡಿನ ಒಂದು ಊರಿನ ಹೆಸರು.) 949 ಪ್ರೋಗ್ರಾಮ್‌ಗಳಲ್ಲಿ ಯಾವ ಬಗೆಯ ಲೆಕ್ಕ ಎಷ್ಟು ಬಾರಿ ಬರುತ್ತದೆಂದು ಎಣಿಸಿ, ಅದೇ ಪ್ರಮಾಣದಲ್ಲಿ ಇದನ್ನು ರಚಿಸಲಾಗಿತ್ತು. ಆದರೂ ಇದು ಕೃತಕ ಕೆಲಸವೇ. ಆದ್ದರಿಂದ ನಿಜ ಬಳಕೆಯ ಪ್ರೋಗ್ರಾಮ್‌ಗಳನ್ನೇ ಬಳಸುವ ಉದ್ದೇಶದಿಂದ 1988ರಲ್ಲಿ ‘ಸ್ಪೆಕ್’ ಎಂಬ ಸಂಸ್ಥೆ ಹುಟ್ಟಿತು.

ಅಲ್ಲಿಯೂ ತೊಡಕು ಎದುರಾಯಿತು. ಸ್ಪೆಕ್‌ನ 1989ರ ಪರೀಕ್ಷಾಗುಚ್ಛದಲ್ಲಿ ‘ಮ್ಯಾಟ್ರಿಕ್ಸ್300’ ಎಂಬ ಪ್ರೋಗ್ರಾಮ್ ಇತ್ತು. ಅದರ ಬಹುಪಾಲು ಸಮಯ ಒಂದೇ ಸಾಲಿನಲ್ಲಿ ಕಳೆಯುತ್ತಿತ್ತು. ಕಂಪೈಲರ್, ಅಂದರೆ ಪ್ರೋಗ್ರಾಮನ್ನು ಯಂತ್ರಭಾಷೆಗೆ ಪರಿವರ್ತಿಸುವ ತಂತ್ರಾಂಶ, ಆ ಸಾಲನ್ನು ಜಾಣತನದಿಂದ ಮಾರ್ಪಡಿಸಿದಾಗ ಅದೇ ಯಂತ್ರದ ಅಂಕ ಸುಮಾರು 9 ಪಟ್ಟು ಏರಿತು. ಪ್ರೊಸೆಸರ್ ಕಿಂಚಿತ್ತೂ ಬದಲಾಗಿರಲಿಲ್ಲ! ಪ್ರಶ್ನೆಪತ್ರಿಕೆ ಮೊದಲೇ ತಿಳಿದಿದ್ದ ವಿದ್ಯಾರ್ಥಿಯ ಅಂಕದಂತೆ ಇದು. 1992ರ ಗುಚ್ಛದಿಂದ ಆ ಪ್ರೋಗ್ರಾಮನ್ನು ಕೈಬಿಡಲಾಯಿತು.

ವೇಗದ ಪರೀಕ್ಷೆಯಂತೆ ಒತ್ತಡದ ಪರೀಕ್ಷೆಯೂ ಉಂಟು. ಪ್ರೊಸೆಸರಿಗೆ ದೀರ್ಘಕಾಲ ಪೂರ್ಣ ಹೊರೆ ಹೊರಿಸಿ, ಅದು ತಪ್ಪಿಲ್ಲದೆ ದುಡಿಯುವುದೇ ಎಂದು ನೋಡುವುದು ಇದರ ಉದ್ದೇಶ. ಇಂಟೆಲ್ ಮತ್ತು ಎಎಂಡಿ ಕಂಪನಿಗಳ ಪೈಪೋಟಿ ತಾರಕಕ್ಕೇರಿದ್ದಾಗ, 2000ದ ಜುಲೈನಲ್ಲಿ ಇಂಟೆಲ್ 1.13 ಗಿಗಾಹರ್ಟ್ಸ್ ಪೆಂಟಿಯಂ III ಅನ್ನು ಬಿಡುಗಡೆ ಮಾಡಿತು. ಸ್ವತಂತ್ರ ಪರೀಕ್ಷಕರು ಅದಕ್ಕೆ ಲಿನಕ್ಸ್ ಕರ್ನೆಲ್ ಕಂಪೈಲ್ ಮಾಡುವ ಕೆಲಸ ಕೊಟ್ಟಾಗ ಅದು ಎಡವಿತು. ಆಗಸ್ಟ್‌ನಲ್ಲಿ ಕಂಪನಿ ಆ ಪ್ರೊಸೆಸರನ್ನು ಮಾರುಕಟ್ಟೆಯಿಂದ ಹಿಂಪಡೆಯಿತು. ಇಲ್ಲಿ ನೆಲ ಡೊಂಕಾಗಿರಲಿಲ್ಲ.

ಆ ವೇಗದಲ್ಲಿ ಒಂದು ಆವರ್ತಕ್ಕೆ ಸಿಗುವ ಕಾಲ ಸುಮಾರು 0.88 ನ್ಯಾನೋಸೆಕೆಂಡ್. ಅಷ್ಟರೊಳಗೆ ವಿದ್ಯುತ್ ಸಂಕೇತ ಸ್ಥಿರಗೊಳ್ಳದಿದ್ದರೆ ಉತ್ತರ ತಪ್ಪುತ್ತದೆ. ಉಷ್ಣತೆ ಏರಿದಂತೆ ತಂತಿಗಳ ರೋಧ ಹೆಚ್ಚಿ ಸಂಕೇತ ಇನ್ನಷ್ಟು ನಿಧಾನವಾಗಬಹುದು. ಆದ್ದರಿಂದ ಒಂದಕ್ಕೆ ದೊಡ್ಡ ಫ್ಯಾನ್, ಇನ್ನೊಂದಕ್ಕೆ ಸಣ್ಣ ಫ್ಯಾನ್ ಇಟ್ಟು ಹೋಲಿಸಿದರೆ ನಾವು ಅಳೆಯುವುದು ಪ್ರೊಸೆಸರನ್ನಲ್ಲ, ಫ್ಯಾನನ್ನು!

ನೆಲ ಡೊಂಕೆಂಬ ದೂರು ಗಂಭೀರವಾಗಿದ್ದ ಸಂದರ್ಭವೂ ಉಂಟು. ಇಂಟೆಲ್‌ನ ಕಂಪೈಲರ್ ಬಳಸಿ ಸಿದ್ಧಪಡಿಸಿದ ಪ್ರೋಗ್ರಾಮ್‌ಗಳು ಮೊದಲು ಪ್ರೊಸೆಸರ್ ತಯಾರಕರ ಹೆಸರನ್ನು ನೋಡುತ್ತಿದ್ದವು. ಬೇರೆಯವರ ಪ್ರೊಸೆಸರಿಗೆ ಅದೇ ಸಾಮರ್ಥ್ಯವಿದ್ದರೂ ನಿಧಾನದ ದಾರಿ ತೋರಿಸುತ್ತಿದ್ದವು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ಇಂಟೆಲ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಈ ಆರೋಪವೂ ಸೇರಿತ್ತು. 2010ರ ಒಪ್ಪಂದದಂತೆ, ಈ ಭೇದವನ್ನು ತಂತ್ರಾಂಶ ತಯಾರಕರಿಗೆ ತಿಳಿಸಲು ಇಂಟೆಲ್ ಒಪ್ಪಬೇಕಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2024ರಲ್ಲಿ ಸ್ಪೆಕ್ ಸಂಸ್ಥೆಯು ತನ್ನ 2017ರ ಗುಚ್ಛದ 2,600ಕ್ಕೂ ಹೆಚ್ಚು ಫಲಿತಾಂಶಗಳನ್ನು ಅಮಾನ್ಯಗೊಳಿಸಿತು. ಒಂದು ಪರೀಕ್ಷೆಗೆಂದೇ ಹೊಂದಿಸಿದ ಕಂಪೈಲರ್ ತಂತ್ರ ಅದಕ್ಕೆ ಕಾರಣ.

ಹಾಗಾದರೆ ಪರೀಕ್ಷೆಗಳನ್ನೇ ತ್ಯಜಿಸಬೇಕೇ? ಬೇಡ. ಪರೀಕ್ಷೆ ಇಲ್ಲದಿದ್ದರೆ 1.13 ಗಿಗಾಹರ್ಟ್ಸ್ ಪ್ರೊಸೆಸರಿನ ದೋಷ ಬೇಗ ಬಯಲಾಗುತ್ತಿರಲಿಲ್ಲ. ಪ್ರಯೋಗದ ಪುಸ್ತಕದಲ್ಲಿ ಉಪಕರಣ, ಉಷ್ಣತೆ, ವಿಧಾನಗಳನ್ನು ಬರೆಯದೆ ಬರಿಯ ಉತ್ತರ ಕೊಟ್ಟ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ಕಾಲೇಜಿನ ಗಣಕ ಕೊಠಡಿಗೆ ಯಂತ್ರ ಕೊಳ್ಳುವಾಗ ಕಂಪನಿಗಳ ಅಂಕಿಗಳಿಗೂ ಇದೇ ನಿಯಮ ಅನ್ವಯಿಸಲಿ: ಯಾವ ಕೆಲಸ, ಯಾವ ಕಂಪೈಲರ್, ಯಾವ ಫ್ಯಾನ್, ಅಳೆದವರು ಯಾರು?