ಬೀದರದ ಅಂಗಳಗಳೂ ನೆಲದಡಿಯ ನೀರೂ

ಊರೆಂದರೆ ಬರಿಯ ಮನೆಗಳ ಗುಂಪಲ್ಲ. ಮನೆಗಳ ನಡುವೆ ಬಿಟ್ಟ ನೆಲವೂ ಊರೇ. ಕೋಟೆಯೊಳಗಿನ ಊರಿನಲ್ಲಿ ಜನ ಹೆಚ್ಚಬಹುದು, ಗೋಡೆ ಹಿಗ್ಗಲಾರದು. ಅಂಥಲ್ಲಿ ಗಾಳಿ, ನೆರಳು, ನೀರುಗಳನ್ನು ಹಿಂದಿನವರು ಹೇಗೆ ಹೊಂದಿಸಿಕೊಂಡರೆಂಬುದನ್ನು ಬೀದರ ನಗರವು ಚೆನ್ನಾಗಿ ತಿಳಿಸುತ್ತದೆ.

ಬಹಮನಿ ಸುಲ್ತಾನ ಅಹಮದ್ ಷಹನು 15ನೆಯ ಶತಮಾನದ ಮೂರನೆಯ ದಶಕದಲ್ಲಿ ಗುಲಬರ್ಗೆಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಕೋಟೆಯಲ್ಲಿ ಸೋಲಾ ಕಂಬದ ಮಸೀದಿಯ ಮುಂದೆ ಲಾಲ್ ಬಾಗ್ ಎಂಬ ತೋಟವಿದೆ. ಆದರೆ ತೋಟವು ಅರಸರ ವಿಲಾಸಕ್ಕೆ ಮಾತ್ರ ಮೀಸಲೆಂದು ತಿಳಿಯಬಾರದು. ಪರ್ಷಿಯಾದ ಗೀಲಾನಿನಿಂದ ಬಂದ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾ ಮೂರಂತಸ್ತಿನದು. ಅಲ್ಲಿ ವಿದ್ಯಾರ್ಥಿಗಳೂ ಗುರುಗಳೂ ಒಂದೇ ಸೂರಿನಡಿಯಲ್ಲಿ ವಾಸವಾಗಿದ್ದರು. ಕಟ್ಟಡದ ನಡುವೆ ಚೌಕಾಕಾರದ ಬಯಲಂಗಳ. ಸುತ್ತಣ ಕೋಣೆಗಳಿಗೆ ಬೆಳಕೂ ಗಾಳಿಯೂ ದೊರೆಯುವಂತೆ ಏರ್ಪಾಡು. ಬಹುಮಂದಿ ಒತ್ತಾಗಿ ಬಾಳುವ ಕಟ್ಟಡಕ್ಕೆ ಅಂಗಳವೇ ಶ್ವಾಸಕೋಶವೆಂಬುದನ್ನು ಅದನ್ನು ಕಟ್ಟಿದವರು ಬಲ್ಲವರಾಗಿದ್ದರು. 1696ರ ಸಿಡಿಮದ್ದಿನ ಸ್ಫೋಟದಲ್ಲಿ ಬಹಳಷ್ಟು ನಾಶವಾದರೂ ಉಳಿದ ಭಾಗ ಇಂದಿಗೂ ಈ ಮಾತಿಗೆ ಸಾಕ್ಷಿ.

ಮರಗಿಡಕ್ಕೆ ನೀರು ಬೇಕಷ್ಟೆ? ಬೀದರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮಳೆನೀರು ಈ ರಂಧ್ರಮಯ ಕಲ್ಲಿನಲ್ಲಿ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ತಡೆದು ನಿಲ್ಲುತ್ತದೆ. ಆ ನೀರಿಗೆ ಸುರಂಗ ತೋಡಿ, ಸಣ್ಣ ಇಳಿಜಾರು ಕೊಟ್ಟು, ಏತವಿಲ್ಲದೆ ಹರಿಸಿದ ಉಪಾಯವೇ ಕರೇಜ್. ಇದರ ಮೂಲ ಪರ್ಷಿಯಾ. ನೌಬಾದಿನ ಕರೇಜ್ 2 ಕಿಲೊಮೀಟರಿಗೂ ಉದ್ದ. ಗಾಳಿಗೆಂದೂ ಹೂಳೆತ್ತಲೆಂದೂ ನೆಲದ ಮೇಲಕ್ಕೆ ತೆರೆದ ಬಾಯಿಗಳು ಅದಕ್ಕುಂಟು. ಇವುಗಳಲ್ಲಿ ಕೆಲವು ಕಸಮಣ್ಣಿನಿಂದ ಮುಚ್ಚಿಹೋಗಿದ್ದವು. 2010ರ ದಶಕದಲ್ಲಿ ಹೂಳು ತೆಗೆಯುವ ಕೆಲಸ ನಡೆಯಿತು.

ಬರೀದ್ ಷಾಹಿಗಳೂ ತೋಟದ ಪ್ರೀತಿಯನ್ನು ಬಿಡಲಿಲ್ಲ. ಅಲಿ ಬರೀದನ ಗೋರಿ ನಾಲ್ಕು ದಿಕ್ಕಿಗೂ ಕಮಾನು ತೆರೆದು ತೋಟದ ನಡುವೆ ನಿಂತಿದೆ.

ಬೀದರದ ಉಪಾಯವನ್ನು ಎಲ್ಲ ಕಡೆಗೂ ಹಾಗೆಯೇ ಒಯ್ಯುವಂತಿಲ್ಲ. ಭಾಲ್ಕಿ, ಔರಾದಗಳ ಸೀಮೆಯಲ್ಲಿ ಕಪ್ಪು ಎರೆಮಣ್ಣೇ ಹೆಚ್ಚು. ಅದು ಮಳೆಗೆ ಉಬ್ಬಿ, ಬೇಸಗೆಗೆ ಬಿರಿಯುತ್ತದೆ. ನೀರನ್ನು ಬೇಗ ಕೆಳಗೆ ಬಿಡದು. ಅಲ್ಲಿ ಹರಿವ ನೀರಿಗೆ ದಾರಿ, ನಿಲ್ಲುವ ನೀರಿಗೆ ಕೆರೆಕಟ್ಟೆ ಬೇಕು. ನೆಲದ ಗುಣವರಿತು ಅಂಗಳ ಹಾಕುವುದೇ ಜಾಣತನ.

ಬೀದರದಲ್ಲಿ ಇಂದು ಕೋಟೆಯ ಹೊರಗೂ ಮನೆಗಳು ಒತ್ತೊತ್ತಾಗಿ ಏಳುತ್ತಿವೆ. ಮನೆ ಕಟ್ಟಬೇಡಿರೆಂದು ಯಾರೂ ಹೇಳಲಾರರು. ಆದರೆ ಅಂಗಳಕ್ಕೆಲ್ಲ ಸಿಮೆಂಟು ಬಳಿದರೆ ಮಳೆ ಚರಂಡಿಯ ಪಾಲು, ಬಾವಿ ಬತ್ತುವುದು ನಮ್ಮ ಪಾಲು. ಮನೆಯ ಮುಂದೆ ಬಿಟ್ಟ ಒಂದು ಬೇವಿನ ಮರದಷ್ಟು ಹಸಿ ನೆಲವು ನೆರಳನ್ನು ಮನೆಯವರಿಗೂ, ನೀರನ್ನು ನೆರೆಯವರಿಗೂ ಕೊಡುತ್ತದೆ.