ದೆಹಲಿಯಿಂದ ರೋಜಾದವರೆಗೆ: ಬರಹ ಉಳಿಸಿದ ದಾರಿ

ಕಲಬುರಗಿಯ ರೋಜಾದಲ್ಲಿ ಚಿರವಿಶ್ರಾಂತಿಯಲ್ಲಿರುವ ಹಝ್ರತ್ ಖ್ವಾಜಾ ಬಂದೇನವಾಝ್(ರ) ಅವರು 1398ರ ಡಿಸೆಂಬರ್‌ನಲ್ಲಿ, ತೈಮೂರನ ದಾಳಿಯ ವೇಳೆ, ಕುಟುಂಬಸಮೇತ ದೆಹಲಿಯನ್ನು ತೊರೆದರು. ಗ್ವಾಲಿಯರ್, ಚಂದೇರಿ, ಗುಜರಾತ್, ದೌಲತಾಬಾದ್ ಮಾರ್ಗವಾಗಿ ಕಲಬುರಗಿ ತಲುಪಿದಾಗ ಅವರಿಗೆ ಸುಮಾರು 80 ವರ್ಷ.

ಈ ದಾರಿ ನಮಗೆ ತಿಳಿದದ್ದು ಹೇಗೆ? ಶಿಷ್ಯ ಮುಹಮ್ಮದ್ ಅಲಿ ಸಾಮಾನಿ ಅದನ್ನು ‘ಸಿಯರೆ ಮುಹಮ್ಮದಿ’ಯಲ್ಲಿ ಬರೆದಿಟ್ಟರು. ಹಿರಿಯ ಪುತ್ರ ಸೈಯದ್ ಅಕ್ಬರ್ ಹುಸೈನಿ ತಂದೆಯ ಮಾತುಗಳನ್ನು ದಿನಾಂಕಸಹಿತ ‘ಜವಾಮಿಉಲ್ ಕಲಿಮ್’ನಲ್ಲಿ ದಾಖಲಿಸಿದರು. ಆ ಪುತ್ರ ತಂದೆಗಿಂತ ಮೊದಲೇ ತೀರಿಕೊಂಡರು; ಬರಹ ಮಾತ್ರ ಉಳಿಯಿತು.

ಇಂದು ಉಮ್ರಾಕ್ಕೆ ಹೊರಟವರ ಮೊಬೈಲಿನಲ್ಲಿ ನೂರಾರು ಚಿತ್ರಗಳಿರುತ್ತವೆ. ಆದರೆ ದಾರಿಯಲ್ಲಿ ಯಾರು ನೆರವಾದರು, ಯಾವ ಮಾತು ಮನಸ್ಸಿಗೆ ತಟ್ಟಿತು ಎಂಬುದನ್ನು ಚಿತ್ರ ಹೇಳದು. ಕೈಯಾರೆ ಹೊಲಿದ ಪುಟ್ಟ ಪುಸ್ತಕವೊಂದನ್ನು ಜೊತೆಗೊಯ್ದು, ಪ್ರತಿ ರಾತ್ರಿ ನಾಲ್ಕು ಸಾಲು ಬರೆಯೋಣ. ಮೊಮ್ಮಕ್ಕಳು ಓದುವರು, ಇನ್ಶಾ ಅಲ್ಲಾಹ್.